ಕೇಳಿಸ್ತಮ್ಮ

ನನ್ನ ಸೊಸೆಗೆ ಆ ಹೆಸರಿಟ್ಟವಳು ನಾನೇ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಇಟ್ಟೆ. ನಾನು ಬಚ್ಚಲಿನಿಂದ “ಏನೇ, ಒಲೆ ಮೇಲೆ ಹಾಲಿದೆ ನೋಡೇ” ಎಂದು ಕೂಗಿದರೆ ಹಜಾರದ ಕಿಟಕಿಯ ಕಡೆಯಿಂದ “ಕೇಳಿಸ್ತು ಅತ್ತೆ” ಎಂದು ಬರುತ್ತಿತ್ತು. ಅಷ್ಟೇ. ಆಸಾಮಿ ಏಳುತ್ತಿರಲಿಲ್ಲ. ಕಂಪ್ಯೂಟರಿನ ಪಕ್ಕ ಇಟ್ಟುಕೊಂಡ ಚೀಟಿಯ ಮೇಲೆ ಏನೋ ಗೀಚಿ ಮತ್ತೆ ತನ್ನ ಲೋಕಕ್ಕೆ ಹೊರಟುಹೋಗುತ್ತಿದ್ದಳು. ಹಾಲು ಉಕ್ಕಿಯೇ ಹೋಯಿತು ಎಂದು ನಾನು ಒದ್ದೆ ಕಾಲಿನಲ್ಲಿ ಓಡಿ ಬಂದರೆ ಒಲೆ ಆರಿರುತ್ತಿತ್ತು, ಪಾತ್ರೆಗೆ ಮುಚ್ಚಳ ಬಿದ್ದಿರುತ್ತಿತ್ತು, ಅವಳು ಮತ್ತೆ ಕಿಟಕಿಯ ಪಕ್ಕ ಕುಳಿತಿರುತ್ತಿದ್ದಳು. ಯಾವಾಗ ಎದ್ದಳೋ, ಯಾವಾಗ ಕುಳಿತಳೋ ದೇವರಿಗೇ ಗೊತ್ತು. ಒಂದು ಸಲವೂ ಹಾಲು ಉಕ್ಕಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಒಂದು ಸಲವಾದರೂ ಉಕ್ಕಿದ್ದರೆ ಬಾಯಿ ತುಂಬ ಬೈಯಬಹುದಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ಬಂದು ಒಂದೇ ಹಜಾರದಲ್ಲಿ ಕುಳಿತುಬಿಟ್ಟವು. ನನ್ನ ಮಗನಿಗೆ ಕನ್ನಡಕದ ಅಂಗಡಿ. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಮಹಾನುಭಾವನಿಗೆ ಹೆಂಡತಿಗೂ ಅಮ್ಮನಿಗೂ ನಡುವೆ ಏನು ನಡೆದರೂ ಕಾಣುವುದಿಲ್ಲ. ಜಾಣ, ನನ್ನ ಮಗ ಅಲ್ಲವೇ.

ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಆಸ್ಪತ್ರೆಯ ಡ್ರಿಪ್ ಯಂತ್ರಗಳನ್ನು ಮಾಡುತ್ತಾರೆ. ಹಾಸಿಗೆಯ ಪಕ್ಕ ನಿಂತು, ಬಾಟಲಿಯ ಔಷಧವನ್ನು ಲೆಕ್ಕದ ಪ್ರಕಾರ ರೋಗಿಯ ರಕ್ತಕ್ಕೆ ಇಳಿಸುವ ಸಣ್ಣ ಪೆಟ್ಟಿಗೆ. ಆ ಪೆಟ್ಟಿಗೆಯೊಳಗೆ ಒಂದು ಕಂಪ್ಯೂಟರ್, ಆ ಕಂಪ್ಯೂಟರಿನ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ನನ್ನ ಸೊಸೆ. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ. ಆಗ ಅವಳ ಮುಖ ನೋಡಬೇಕು. ಕಣ್ಣುಗಳು ತೆರೆದೇ ಇರುತ್ತವೆ, ಒಳಗೆ ಯಾರೂ ಇರುವುದಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಅವಳ ಮೊಣಕೈ ಮೇಲೆ ಕೂರುತ್ತದೆ, ಮಡಿಲಿಗೆ ಜಾರುತ್ತದೆ, ನೆಲಕ್ಕಿಳಿದು ಎದುರಿನ ಗೋಡೆ ಹತ್ತಿ ಹೊರಟುಹೋಗುತ್ತದೆ. ಅವಳು ಇದ್ದ ಹಾಗೇ ಇರುತ್ತಾಳೆ.

ಒಂದು ಮಧ್ಯಾಹ್ನ ತಡೆಯಲಾಗದೆ ಕೇಳಿದೆ.

“ಅಷ್ಟು ಹೊತ್ತು ಅದರೊಳಗೆ ಏನು ನೋಡ್ತೀಯೇ?”

“ಯಾರು ಕರೀತಿದ್ದಾರೆ, ಯಾರು ಕಾಯ್ತಿದ್ದಾರೆ ಅಂತ ನೋಡ್ತೀನಿ ಅತ್ತೆ.”

ಆಮೇಲೆ, ತನ್ನ ಲೋಕದಿಂದ ಒಂದು ಕಾಲು ಈಚೆಗಿಟ್ಟು, ನಿಧಾನವಾಗಿ ಹೇಳಿದಳು. ಪೆಟ್ಟಿಗೆಯೊಳಗಿನ ಪ್ರೊಸೆಸರ್ ಎಂಬ ಮಿದುಳಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಲು ಬರುವುದು. ಅದು ಹನಿ ಎಣಿಸುತ್ತ ಕುಳಿತಿರುವಾಗಲೇ ಬಟನ್ ಒತ್ತಿದವರು ಕರೆಯುತ್ತಾರೆ, ಗಡಿಯಾರ ಕರೆಯುತ್ತದೆ, ಮೋಟರ್ ಕರೆಯುತ್ತದೆ, ಕೊಳವೆಯಲ್ಲಿ ಗಾಳಿಗುಳ್ಳೆ ಬಂತೇ ಎಂದು ಕಾಯುವ ಒಂದು ಪುಟ್ಟ ಕಣ್ಣು ಕರೆಯುತ್ತದೆ. ಕೈಯ ಕೆಲಸ ಬಿಡಿಸುವ ಇಂಥ ಕರೆಗೆ ಇವರ ಭಾಷೆಯಲ್ಲಿ ಇಂಟರಪ್ಟ್ ಎಂದು ಹೆಸರು. ಯಾರ ಮಾತು ಮೊದಲು, ಯಾರದು ಆಮೇಲೆ ಎಂದು ನಿಗದಿ ಮಾಡುವುದು ಕರ್ನಲ್ ಎಂಬ ಒಳಗಿನ ಮೇಲ್ವಿಚಾರಕ. ಆ ಮೇಲ್ವಿಚಾರಕನಿಗೆ ಬುದ್ಧಿ ಹೇಳಿಕೊಡುವವಳು ಇವಳು.

“ಕರೆದ ತಕ್ಷಣ ಕೇಳಿಸ್ತು ಅನ್ನಬೇಕು ಅತ್ತೆ. ಅನ್ನದಿದ್ರೆ ಅವರು ಕರೀತಾನೇ ಇರ್ತಾರೆ. ಕೇಳಿಸ್ತು ಅಂದು, ಚೀಟಿ ಬರೆದಿಟ್ಟು, ಕೈಯಲ್ಲಿರೋದನ್ನ ಮುಗಿಸಿ, ಸರದಿ ಬಂದಾಗ ಮಾಡಿಕೊಡಬೇಕು. ಕೇಳಿಸ್ತು ಅನ್ನೋಕೆ ಕ್ಷಣ ಸಾಕು. ಕೆಲಸಕ್ಕೆ ಹೊತ್ತು ಹಿಡಿಯುತ್ತೆ. ಎರಡನ್ನೂ ಬೇರೆ ಬೇರೆ ಇಡಬೇಕು, ಅಷ್ಟೇ ಗುಟ್ಟು.”

“ಅಯ್ಯೋ ನಿನ್ನ! ಇದು ನಮ್ಮ ಎಕ್ಸ್‌ಚೇಂಜೇ ಅಲ್ವೇನೇ!”

ನಾನು ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎದೆ ಎತ್ತರದ ಒಂದು ಹಲಗೆ, ಅದರ ತುಂಬ ಸಾಲು ಸಾಲು ಹಿತ್ತಾಳೆಯ ಪುಟ್ಟ ತಟ್ಟೆಗಳು, ಒಂದೊಂದಕ್ಕೂ ಒಂದು ನಂಬರು. ಅಲ್ಲೆಲ್ಲೋ ಒಂದು ಮನೆಯಲ್ಲಿ ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಅವರ ತಟ್ಟೆ ಟಕ್ಕೆಂದು ಬೀಳುತ್ತಿತ್ತು. ನಾನು ತಂತಿ ಚುಚ್ಚಿ “ನಂಬರ್ ಹೇಳಿ” ಎನ್ನಬೇಕು. ಮಾತು ಮುಗಿದ ಮೇಲೆ ತಟ್ಟೆಯನ್ನು ಬೆರಳಿನಿಂದ ಮೇಲೆತ್ತಿ ಕೂರಿಸಬೇಕು. ಈಗಲೂ ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾದರೆ, ಸೊಸೆಯ ಬೆರಳಿನ ಟಪಟಪ ಕೇಳುತ್ತ ನಿದ್ದೆ ಹತ್ತಿದರೆ, ಆ ತಟ್ಟೆಗಳು ಬೀಳುತ್ತವೆ. ಕನಸಿನಲ್ಲಿ ಅವಕ್ಕೆ ಸದ್ದಿಲ್ಲ. ಒಂದಾದ ಮೇಲೊಂದು ಸುಮ್ಮನೆ ಬೀಳುತ್ತಲೇ ಇರುತ್ತವೆ, ನಾನು ನಂಬರ್ ಹೇಳಿ, ನಂಬರ್ ಹೇಳಿ ಎನ್ನುತ್ತಲೇ ಇರುತ್ತೇನೆ, ಯಾರೂ ಹೇಳುವುದಿಲ್ಲ.

ಆವತ್ತಿನಿಂದ ನಮ್ಮಿಬ್ಬರಿಗೆ ಬೇರೆಯದೇ ಒಂದು ನಂಟು ಬೆಳೆಯಿತು. ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳುತ್ತಿದ್ದಳು.

“ಅತ್ತೆ, ಇಬ್ಬರು ಒಟ್ಟಿಗೇ ಕರೆದ್ರೆ ಏನ್ ಮಾಡ್ತಿದ್ರಿ?”

“ಆಸ್ಪತ್ರೆ ಇದ್ರೆ ಆಸ್ಪತ್ರೆ ಮೊದಲು. ಬೆಂಕಿ ಬಿದ್ದಿದ್ರೆ ಅದು ಇನ್ನೂ ಮೊದಲು. ಸಾಹೇಬರ ಹೆಂಡತಿ ಎಲ್ಲಕ್ಕಿಂತ ಮೊದಲು.”

ಅವಳು ನಕ್ಕು, ಚೀಟಿಯ ಮೇಲೆ ಬರೆದುಕೊಂಡು ಹೋಗುತ್ತಿದ್ದಳು. ಸಾಹೇಬರ ಹೆಂಡತಿಯನ್ನೂ ಬರೆದುಕೊಂಡಳೋ ಏನೋ. ಹೀಗೆ ಹದಿನೇಳು ವರ್ಷ ಹೋಯಿತು. ಹಡೆದ ಮಗಳಾಗಿದ್ದರೂ ನನ್ನ ಕೆಲಸದ ಬಗ್ಗೆ ಇಷ್ಟು ಕೇಳುತ್ತಿರಲಿಲ್ಲ. ಒಂದು ವಿಷಯ ಮಾತ್ರ ನಾನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಅವರ ಮೂವತ್ತು ಹೊಸ ಯಂತ್ರಗಳನ್ನು ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದರು. ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ಬೆಳಿಗ್ಗೆ, ಒಬ್ಬ ರೋಗಿಯ ಕೊಳವೆಯಲ್ಲಿ ಗಾಳಿಗುಳ್ಳೆ ಬಂತು. ಯಂತ್ರ ಕೂಗಿಕೊಳ್ಳಬೇಕಿತ್ತು, ಕೂಗಲಿಲ್ಲ. ಅದೇ ಹೊತ್ತಿಗೆ ಆ ವಾರ್ಡಿನ ನರ್ಸ್ ಹಾಸಿಗೆಯ ಹತ್ತಿರ ಬಂದವಳು ಗುಳ್ಳೆ ಕಂಡು ಕೊಳವೆ ಹಿಸುಕಿ ಹಿಡಿದಳು. ರೋಗಿಗೆ ಏನೂ ಆಗಲಿಲ್ಲ. ಯಂತ್ರ ಕೂಗಲಿಲ್ಲ ಎಂದು ದೂರು ಕೊಟ್ಟವಳೂ ಅವಳೇ. ಯಂತ್ರದ ಒಳಗಿನ ದಾಖಲೆ ತೆಗೆದು ನೋಡಿದರು. ಗುಳ್ಳೆ ಕಾಯುವ ಕಣ್ಣಿನಿಂದ ಆ ಬೆಳಿಗ್ಗೆ ಒಂದು ಕರೆಯೂ ಬಂದಿಲ್ಲ ಎಂದಿತ್ತು. ಹಾಗಾದರೆ ಸದ್ದು ಜಾಸ್ತಿಯೆಂದು ನರ್ಸೇ ಆ ಕಣ್ಣನ್ನು ಬಟನ್ ಒತ್ತಿ ಆರಿಸಿದ್ದಾಳೆ ಎಂದು ಆಸ್ಪತ್ರೆಯವರು ತೀರ್ಮಾನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ. ಹನ್ನೆರಡು ದಿನದಲ್ಲಿ ವಿಚಾರಣೆ, ಆಮೇಲೆ ಕೆಲಸದಿಂದ ತೆಗೆಯುವುದು.

ಯಂತ್ರಗಳೆಲ್ಲ ಕಾರ್ಖಾನೆಗೆ ವಾಪಸು ಬಂದವು. ಅವುಗಳ ಹಿಂದೆಯೇ ಆ ನರ್ಸ್ ಕೂಡ ಬಂದಳಂತೆ. ಬಾಗಿಲಲ್ಲೇ ನಿಂತು ನನ್ನ ಸೊಸೆಗೆ ಹೇಳಿದಳಂತೆ, “ನಾನು ಆರಿಸಿಲ್ಲ ಮೇಡಂ. ನನ್ನ ಮಾತು ಬೇಡ. ನಿಮ್ಮ ಯಂತ್ರನೇ ಇನ್ನೊಂದ್ ಸಲ ಕೇಳಿ ನೋಡಿ.”

ಒಂಬತ್ತು ದಿನ ಸೊಸೆ ಕೇಳಿ ನೋಡಿದಳು. ಕೊಳವೆಯೊಳಗೆ ಗುಳ್ಳೆ ಬಿಡುವುದು, ಯಂತ್ರ ಕೂಗುವುದು. ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಬಟನ್ ಒತ್ತುತ್ತಿರುವಾಗ ಗುಳ್ಳೆ, ಕರೆಂಟು ಹೋಗಿ ಬಂದಾಗ ಗುಳ್ಳೆ. ಪ್ರತಿ ಸಲವೂ ಕೂಗಿತು. ಮನೆಯಲ್ಲಿ ಅವಳ ಬಾಯಿಂದ ಕೇಳಿಸ್ತು ಎಂಬ ಮಾತೂ ನಿಂತುಹೋಯಿತು. ಹಾಲು ಎರಡು ಸಲ ಉಕ್ಕಿತು. ಬೈಯುವುದಕ್ಕೆ ಬಾಯಿ ಬರಲಿಲ್ಲ.

ಹತ್ತನೆಯ ದಿನ ಊಟದ ಡಬ್ಬಿ ಮರೆತು ಹೋದಳು. ನಾನೇ ತೆಗೆದುಕೊಂಡು ಹೋದೆ. ಕೆಳಗೆ ರಟ್ಟಿನ ಪೆಟ್ಟಿಗೆ ಮಾಡುವವರು, ಮೇಲಿನ ಮಹಡಿಯಲ್ಲಿ ಇವರ ಕಾರ್ಖಾನೆ. ಬಾಗಿಲು ತೆರೆದಾಗ ಒಂದು ಕ್ಷಣ ನನಗೆ ಎಲ್ಲಿಗೆ ಬಂದೆ ಎಂದೇ ತಿಳಿಯಲಿಲ್ಲ. ಉದ್ದನೆಯ ಕೋಣೆ, ಎರಡೂ ಗೋಡೆಗೆ ಕಬ್ಬಿಣದ ಸ್ಟ್ಯಾಂಡು, ಮೂವತ್ತು ಬಾಟಲಿಗಳಿಂದ ಮೂವತ್ತು ಯಂತ್ರಗಳ ಮೂಲಕ ಬರೀ ನೀರು ಹನಿಹನಿಯಾಗಿ ಬಕೆಟುಗಳಿಗೆ ಇಳಿಯುತ್ತಿತ್ತು. ಪ್ರತಿ ಯಂತ್ರದ ಹಣೆಯಲ್ಲೂ ಒಂದು ಹಸಿರು ದೀಪ. ಮಾಡಿನ ಗಾಜಿನಿಂದ ಮಧ್ಯಾಹ್ನದ ಬೆಳಕು ಬಾಟಲಿಗಳ ನೀರಿನಲ್ಲಿ ಹಾದು ನೆಲದ ಮೇಲೆ ಅಲುಗುತ್ತಿತ್ತು. ರೋಗಿಗಳಿಲ್ಲದ ಆಸ್ಪತ್ರೆ. ಹಾಸಿಗೆಯೇ ಇಲ್ಲದ ಕಡೆ ಯಾರಿಗೋ ಮದ್ದು ಇಳಿಯುತ್ತಿದೆ. ಊಟ ಮಾಡು ಎಂದೆ, ಹೂಂ ಎಂದಳು, ಮಾಡಲಿಲ್ಲ. ನಾನು ಒಂದು ಸ್ಟೂಲಿನ ಮೇಲೆ ಕುಳಿತೆ. ಹನಿಗಳ ಸದ್ದು ಒಂದರ ಮೇಲೊಂದು ಬಂದು, ಕಣ್ಣು ಎಳೆದು, ಅಲ್ಲೇ ಕುಳಿತಂತೆ ಅರೆನಿದ್ದೆ ಹತ್ತಿತು. ಹಿತ್ತಾಳೆ ತಟ್ಟೆಗಳು ಬೀಳತೊಡಗಿದವು.

ಆ ಮಂಪರಿನಲ್ಲೇ ಕೇಳಿದೆನೆಂದು ಕಾಣುತ್ತದೆ. “ಈ ಯಂತ್ರದೊಳಗೆ ಕರೆಯೋರೆಲ್ಲ ಎಷ್ಟು ಮರ್ಯಾದಸ್ಥರೇ! ಕೆಲಸ ಇದ್ರೆ ಮಾತ್ರ ಕರೀತಾರೆ. ನಮ್ಮಲ್ಲಿ ಒಂದೆರಡು ಹುಚ್ಚು ಲೈನ್ ಇರ್ತಿದ್ವು. ತಂತಿ ಒದ್ದೆಯಾದ್ರೆ ಸಾಕು, ಸುಮ್ಸುಮ್ನೆ ತಟ್ಟೆ ಬೀಳ್ತಿತ್ತು. ಕೇಳಿದ್ರೆ ಆ ಕಡೆ ಯಾರೂ ಇಲ್ಲ. ನಿನ್ನ ಪೆಟ್ಟಿಗೆಯಲ್ಲಿ ಅಂಥವು ಇಲ್ವಾ?”

“ಬರಬಹುದು ಅತ್ತೆ. ಅದಕ್ಕೆ ಮದ್ದು ಮಾಡಿದ್ದೀನಿ. ಒಂದು ಲೈನಿಂದ ಕರೆ ಬಂದು, ಆ ಲೈನಲ್ಲಿ ಇರೋರನ್ನೆಲ್ಲ ನೀನಾ ನೀನಾ ಅಂತ ಕೇಳಿ, ಯಾರೂ ಹೂಂ ಅನ್ನದಿದ್ರೆ ಅದು ಖಾಲಿ ಕರೆ. ಖಾಲಿ ಕರೆ ಒಂದು ಲಕ್ಷ ಆದ್ರೆ ಆ ಲೈನ್‌ಗೆ ಹುಚ್ಚು ಹಿಡಿದಿದೆ ಅಂತ ಲೆಕ್ಕ.”

“ಆಮೇಲೆ?”

“ಆಮೇಲೆ ಅದನ್ನ ಮುಚ್ಚಿ...”

ಮಾತು ಅಲ್ಲಿಗೇ ನಿಂತಿತು. ಅವಳ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿದೆ. ನನ್ನ ಮುಖ ನನಗೆ ಕಾಣಲಿಲ್ಲ, ಅದೇ ಪುಣ್ಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು.

ಅವಳು ಎದ್ದು ಒಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಯಂತ್ರಗಳನ್ನು ದಿನಕ್ಕೆರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಒಂದು ಯಂತ್ರದ ಬಟನ್ನುಗಳ ಅಂಚಿನಲ್ಲಿ ಅದನ್ನು ಹಿಂಡಿದಳು. ಬಟನ್ನುಗಳಿಗೂ ಗುಳ್ಳೆ ಕಾಯುವ ಕಣ್ಣಿಗೂ ಒಂದೇ ಲೈನು, ಜಾಗ ಉಳಿಸಲೆಂದು ಹಾಗೆ ಮಾಡಿದ್ದರು. ಪರದೆಯ ಮೇಲೆ ಅಕ್ಷರಗಳು ಜರಜರ ಹರಿದವು. ತೇವಕ್ಕೆ ಬಟನ್ನುಗಳ ಕಡೆಯಿಂದ ಖಾಲಿ ಕರೆಗಳು, ಸಾವಿರ, ಹತ್ತು ಸಾವಿರ, ಲಕ್ಷ. ಆಮೇಲೆ ಎಲ್ಲ ನಿಂತಿತು. “ಮುಚ್ಚಿತು” ಎಂದಳು. ಸೂಜಿಯಿಂದ ಕೊಳವೆಯೊಳಗೆ ಒಂದು ಗುಳ್ಳೆ ಬಿಟ್ಟಳು.

ಗುಳ್ಳೆ ನಿಧಾನವಾಗಿ ಇಳಿಯಿತು. ಬೆಳಕು ಬಿದ್ದು ಮುತ್ತಿನ ಹಾಗೆ ಹೊಳೆಯುತ್ತಿತ್ತು. ಆ ಪುಟ್ಟ ಕಣ್ಣಿನ ಎದುರಿಗೇ ಹಾದು ಹೋಯಿತು. ಕಣ್ಣು ನೋಡಿತು, ಕರೆಯಿತು ಕೂಡ. ಕೇಳುವ ಕಿವಿ ಮುಚ್ಚಿತ್ತು. ಯಂತ್ರದ ಹಸಿರು ದೀಪ ಹಾಗೇ ಇತ್ತು, ಹನಿಗಳು ಹಾಗೇ ಬೀಳುತ್ತಿದ್ದವು, ಗುಳ್ಳೆ ಕೊಳವೆಯ ತುದಿಗೆ ಬಂದು ಬಕೆಟಿನಲ್ಲಿ ಒಡೆಯಿತು.

“ದಾಖಲೆ ಸುಳ್ಳು ಹೇಳಿಲ್ಲ ಅತ್ತೆ,” ಎಂದಳು. “ಅದಕ್ಕೆ ಕೇಳಿಸಿದ್ದನ್ನ ಅದು ಬರೆದಿದೆ. ಲೈನ್ ಮುಚ್ಚಿದ್ದೀನಿ ಅನ್ನೋ ಚೀಟಿ ಯಂತ್ರ ಆರಿಸಿದ ತಕ್ಷಣ ಅಳಿಸಿಹೋಗುತ್ತೆ. ಲೈನ್ ಮುಚ್ಚೋಕೆ ಹೇಳೋ ಆ ಹತ್ತು ಸಾಲು ಪ್ರೋಗ್ರಾಂ ನಾನೇ ಬರೆದಿದ್ದು. ಎಲ್ಲರೂ ಶಭಾಷ್ ಅಂದಿದ್ರು.”

ಕಾರ್ಖಾನೆಯ ಯಜಮಾನರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ನನ್ನೆದುರಿಗೇ ಹೇಳಿದರು.

“ನೋಡಮ್ಮ, ಬಟನ್ ಕೆಳಗೆ ತೇವ ಹೋಗ್ತಿತ್ತು, ರಬ್ಬರ್ ಹೊದಿಕೆ ಹಾಕಿದ್ದೀವಿ ಅಂತ ಬರೀರಿ. ಗುಳ್ಳೆ ಕಣ್ಣಿಂದ ಕರೆ ಬಂದ ದಾಖಲೆ ಇಲ್ಲ ಅಂತ ಬರೀರಿ. ಎರಡೂ ನಿಜ ತಾನೇ? ಕರ್ನಲ್ಲೇ ತಪ್ಪು ಅಂದ್ರೆ ಪರೀಕ್ಷೆ ಎಲ್ಲ ಮೊದಲಿಂದ. ಒಂದು ವರ್ಷ. ಹನ್ನೆರಡು ಜನ ಇದ್ದೀವಿ ಇಲ್ಲಿ. ನರ್ಸ್ ವಿಷಯ ಆಸ್ಪತ್ರೆಯವರ ಮನೆ ವಿಷಯ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಮಾತು. ವರದಿ ನಾಳೆ ಕೊಡುತ್ತೇನೆ ಎಂದಳು ಸೊಸೆ.

ಮನೆಗೆ ಬಂದು ಮಾಳಿಗೆ ಹತ್ತಿದಳು. ನಾನೂ ಮಂಡಿ ಹಿಡಿದುಕೊಂಡು ಹತ್ತಿದೆ. ಹೊತ್ತು ಇಳಿಯುತ್ತಿತ್ತು. ಒಗೆದ ಬಟ್ಟೆಗಳು ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು, ಅವುಗಳ ನಡುವೆ ಅವಳು ಕಾಣುತ್ತಿದ್ದಳು, ಮರೆಯಾಗುತ್ತಿದ್ದಳು.

“ಸತ್ಯ ಹೇಳಿದ್ರೆ ಇನ್ನು ನನ್ನ ಕೈಗೆ ಯಾರೂ ಯಂತ್ರ ಕೊಡಲ್ಲ ಅತ್ತೆ. ನನಗೆ ಬೇರೆ ಏನೂ ಬರಲ್ಲ. ಯಜಮಾನರು ಹೇಳಿದ ಹಾಗೆ ಬರೆದ್ರೆ ಒಂದಕ್ಷರನೂ ಸುಳ್ಳಿರಲ್ಲ.”

ನನ್ನ ಬಳಿಯೂ ಅಂಥದೊಂದು ಮಾತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಮೂವತ್ತೆಂಟು ವರ್ಷ, ನುಂಗಲೂ ಆಗದೆ ಉಗುಳಲೂ ಆಗದೆ. ಹೇಳಿದರೆ ಇವಳ ಕಣ್ಣಿನಲ್ಲಿ ನಾನು ಏನಾಗುತ್ತೇನೋ ಎಂದು ನಿಜವಾಗಿಯೂ ಹೆದರಿದೆ. ಈ ವಯಸ್ಸಿನಲ್ಲಿ ನನಗೆ ಉಳಿದಿದ್ದ ಮರ್ಯಾದೆ ಎಂದರೆ ಇವಳು ಕೇಳುತ್ತಿದ್ದ ಆ ಪ್ರಶ್ನೆಗಳು. ಆದರೂ ಹೇಳಿದೆ.

“ಹುಚ್ಚು ಲೈನ್ ಬಂದ್ರೆ ನಾವು ಏನ್ ಮಾಡ್ತಿದ್ವಿ ಗೊತ್ತಾ? ದಪ್ಪ ಕಾಗದ ಮಡಚಿ ತಟ್ಟೆ ಬೀಳದ ಹಾಗೆ ಸಿಕ್ಕಿಸ್ತಿದ್ವಿ. ಗಂಟೆಗೊಂದ್ ಸಲ ತೆಗೆದು ನೋಡಬೇಕು, ಅದು ಕಟ್ಟಪ್ಪಣೆ. ಒಂದು ದಿನ ಮರದ ಡಿಪೋ ಲೈನ್‌ಗೆ ಹುಚ್ಚು ಹಿಡೀತು. ಡಿಪೋಗೆ ರಜ, ಅಲ್ಲಿ ನರಪಿಳ್ಳೆ ಇರ್ಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಾಗದ ಸಿಕ್ಕಿಸಿದೆ. ಅದೇ ಲೈನಲ್ಲಿ ಗುಡ್ಡದ ಮೇಲಿನ ನೀರಿನ ಟ್ಯಾಂಕ್ ನೋಡ್ಕೊಳ್ಳೋನ ಮನೇನೂ ಇತ್ತು. ಅದು ನನಗೆ ಗೊತ್ತಿತ್ತು.”

ಅವಳು ಬಟ್ಟೆ ಸರಿಸಿ ನನ್ನ ಕಡೆ ನೋಡಿದಳು.

“ತಿಂಗಳಿಗೊಂದ್ ಸಲ ಮಾತಾಡೋರು, ಇವತ್ತೇ ಮಾತಾಡ್ತಾರಾ ಅಂದ್ಕೊಂಡೆ. ಆವತ್ತು ಎಷ್ಟು ಸುಖವಾಗಿತ್ತು ಗೊತ್ತೇನೇ. ಕಿಟಕೀಲಿ ಗಾಳಿ ಬರ್ತಿತ್ತು. ತಟ್ಟೆಗಳು ಸುಮ್ಮನಿದ್ವು. ಅರೆಗಣ್ಣು ಮುಚ್ಕೊಂಡು ಕೂತಿದ್ದೆ. ಕಾಗದ ತೆಗೆಯೋದೇ ಮರೆತೆ. ನಾಲ್ಕು ಗಂಟೆಗೆ ತೆಗೆದೆ, ತೆಗೆದಿದ್ದೇ ತಟ್ಟೆ ಬಿತ್ತು. ನಂಬರ್ ಹೇಳಿ ಅಂದೆ. ಯಾರೂ ಇಲ್ಲ. ಇನ್ನೂ ಹುಚ್ಚು ಬಿಟ್ಟಿಲ್ಲ ಅಂತ ಮತ್ತೆ ಕಾಗದ ಸಿಕ್ಕಿಸಿದೆ.”

“ಅತ್ತೆ...”

“ಎರಡು ಗಂಟೆಗೆ ಆ ಮನೆಯವನಿಗೆ ಎದೆನೋವು ಬಂದಿತ್ತು. ಹೆಂಡತಿ ಡಾಕ್ಟರಿಗೆ ಫೋನ್ ಮಾಡೋಕೆ ಹಿಡಿಕೆ ತಿರುಗಿಸಿದ್ದಾಳೆ. ಆಮೇಲೆ ಗುಡ್ಡ ಇಳಿದು ಓಡಿ ಬಂದಿದ್ದಾಳೆ. ಡಾಕ್ಟರ್ ಹೋಗೋಷ್ಟರಲ್ಲಿ ಮುಗಿದಿತ್ತು. ವಿಚಾರಣೆ ಆಯ್ತು. ಕರೆ ಬರೆದಿಡೋ ಪುಸ್ತಕ ತೆಗೆದ್ರು. ಆ ಹೊತ್ತಿಗೆ ಆ ಲೈನಿಂದ ಕರೆ ಬಂದ ದಾಖಲೆ ಇಲ್ಲ. ಕರೆ ಬಂದಿಲ್ವೇನಮ್ಮ ಅಂದ್ರು. ಬಂದಿಲ್ಲ ಸಾರ್ ಅಂದೆ. ಸುಳ್ಳಲ್ಲ ನೋಡು, ಒಂದಕ್ಷರನೂ ಸುಳ್ಳಲ್ಲ. ಸಹಿ ಹಾಕ್ದೆ.”

ಬಟ್ಟೆಗಳು ಉಬ್ಬಿದವು, ಇಳಿದವು. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅವಳು ಹತ್ತಿರ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಮಾತು ಕೇಳಿದಳು.

“ಆ ಹೆಂಗಸು ಈಗಲೂ ಇದ್ದಾರಾ?”

“ಇದ್ದಾಳೆ. ಹಳೇ ಗಿರಣಿ ಹಿಂದಿನ ಬೀದೀಲಿ. ಬಟ್ಟೆ ಹೊಲೀತಾಳೆ. ಪೇಟೇಲಿ ಕಂಡ್ರೆ ನಾನು ಬೀದಿ ದಾಟಿ ಆ ಕಡೆಯಿಂದ ಹೋಗ್ತೀನಿ.”

ಮಾರನೆಯ ಬೆಳಿಗ್ಗೆ ಬೇಗ ಎದ್ದು ಕಿಟಕಿಯ ಪಕ್ಕ ಕುಳಿತು ಬರೆದಳು. ಬಟನ್ನಿನ ತೇವ ಬರೆದಳು, ಖಾಲಿ ಕರೆ ಬರೆದಳು, ಲೈನ್ ಮುಚ್ಚಿಸಿದ್ದು ತನ್ನ ಸಾಲುಗಳು, ನರ್ಸ್ ಯಾವುದನ್ನೂ ಆರಿಸಿಲ್ಲ ಎಂದು ಬರೆದಳು. ಯಜಮಾನರಿಗೆ ಒಂದು ಪ್ರತಿ ಕೊಟ್ಟು, ಅವರ ಎದುರಿಗೇ ಇನ್ನೊಂದನ್ನು ಆಸ್ಪತ್ರೆಗೆ ಕಳಿಸಿದಳಂತೆ. ಯಜಮಾನರು ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ, ತೆಗೆದರೆ ಆ ಒಳಕೋಣೆಗೆ ದಾರಿ ಗೊತ್ತಿರುವವರು ಬೇರೆ ಯಾರಿದ್ದಾರೆ? ನರ್ಸಿನ ಕೆಲಸ ಉಳಿಯಿತು. ಈಗ ಆ ಯಂತ್ರಗಳಲ್ಲಿ ಹುಚ್ಚು ಲೈನನ್ನು ಸದಾ ಮುಚ್ಚಿಡುವುದಿಲ್ಲ. ಕ್ಷಣಕ್ಕೊಮ್ಮೆ ತೆರೆದು, ಆ ಲೈನಿನಲ್ಲಿರುವವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ನೋಡುತ್ತದೆ, ಕಿವಿ ಮುಚ್ಚಿದೆ ಎಂದು ಕೆಂಪು ದೀಪ ಹಾಕಿ ಸಾರುತ್ತದೆ. ಪರೀಕ್ಷೆ ಮೊದಲಿನಿಂದ ಶುರುವಾಗಿದೆ. ಅವಳು ಮತ್ತೆ ಕಣ್ಣು ತೆರೆದುಕೊಂಡು ಕನಸು ಕಾಣುತ್ತಾಳೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ನನ್ನ ಎದುರಿಗೆ ಬಂದು ನಿಂತಳು. ತಲೆ ಬಾಚಿಕೊಂಡಿದ್ದಳು.

“ಹೊರಡಿ ಅತ್ತೆ. ಹಳೇ ಗಿರಣಿ ಬೀದಿಗೆ ಹೋಗಿಬರೋಣ.”

“ಹುಚ್ಚೇನೇ ನಿನಗೆ? ಮೂವತ್ತೆಂಟು ವರ್ಷ ಆಯ್ತು. ಸತ್ತೋನು ಎದ್ದು ಬರ್ತಾನಾ?”

“ಇಲ್ಲ ಅತ್ತೆ. ಹೊರಡಿ.”

ಬೈದೆ. ಮಂಡಿ ನೋವು ಎಂದೆ. ಬಿಸಿಲು ಎಂದೆ. ಮಗನನ್ನು ಕರೆದೆ, ಅವನು ಎಂದಿನಂತೆ ಏನನ್ನೂ ಕಾಣದವನ ಹಾಗೆ ಪೇಪರ್ ಮುಖಕ್ಕೆ ಹಿಡಿದುಕೊಂಡ. ಅವಳು ನನ್ನ ತೋಳು ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ ಎದ್ದೆ. ಆ ಬೆಳಿಗ್ಗೆಯ ಬೀದಿಗಳು ನನಗೆ ಸರಿಯಾಗಿ ನೆನಪಿಲ್ಲ. ಮುಚ್ಚಿದ ಅಂಗಡಿಗಳು, ಗಿರಣಿಯ ಉದ್ದನೆಯ ಗೋಡೆ, ಗೋಡೆಯ ನೆರಳಿನಲ್ಲಿ ನಡೆದಷ್ಟೂ ಮುಗಿಯದ ದಾರಿ.

ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಗೋಡೆಯ ಮೇಲೆ ಹೂವು ಮುಡಿಸಿದ ಗಂಡನ ಫೋಟೋ. ಆಕೆ ಕುಳಿತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಳತೆಗೆ ಬಂದವರೆಂದುಕೊಂಡು ಕೂತ್ಕೊಳ್ಳಿ ಎಂದಳು. ನಾನು ಕೂರಲಿಲ್ಲ. ಕೂತರೆ ಹೇಳುವುದಿಲ್ಲ ಎಂದು ಗೊತ್ತಿತ್ತು. ಹಳೆಯ ಎಕ್ಸ್‌ಚೇಂಜಿನಲ್ಲಿ ಆವತ್ತು ಆಪರೇಟರ್ ಆಗಿದ್ದವಳು ನಾನೇ ಎಂದೆ. ಕಾಗದ ಸಿಕ್ಕಿಸಿದ್ದು, ಮರೆತದ್ದು, ತಟ್ಟೆ ಬಿದ್ದದ್ದು, ಬಂದಿಲ್ಲ ಸಾರ್ ಎಂದದ್ದು, ಸಹಿ ಹಾಕಿದ್ದು, ಉಸಿರು ಬಿಡದೆ ಹೇಳಿದೆ. ಸೊಸೆ ಹಿಂದೆ ನಿಂತು ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ಆಕೆ ಸೂಜಿಯನ್ನು ಅಂಗಿಗೆ ಚುಚ್ಚಿ ಇಟ್ಟಳು. ಉಗಿಯುತ್ತಾಳೆ ಎಂದುಕೊಂಡೆ, ಉಗಿದರೆ ಒರೆಸಿಕೊಳ್ಳಬಾರದು ಎಂದೂ ಅಂದುಕೊಂಡೆ. ಆಕೆ ನನ್ನನ್ನು ನೋಡುತ್ತಲೇ ಇರಲಿಲ್ಲ. ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು.

“ಕಾಗದ ಇತ್ತಾ?” ಎಂದಳು.

“ಇತ್ತು.”

“ಎಷ್ಟು ತಿರುಗಿಸಿದ್ರೂ ನಿಮಗೆ ಗೊತ್ತಾಗ್ತಿರ್ಲಿಲ್ವಾ?”

“ಗೊತ್ತಾಗ್ತಿರ್ಲಿಲ್ಲ. ದಿನಪೂರ್ತಿ ತಿರುಗಿಸಿದ್ರೂ ಗೊತ್ತಾಗ್ತಿರ್ಲಿಲ್ಲ.”

“ಕರೆನೇ ಬಂದಿಲ್ಲ ಅಂತ ಬರೆದಿದ್ರು. ನಮ್ಮತ್ತೆ ಸಾಯೋವರೆಗೂ ಅಂದ್ರು, ಗಾಬರೀಲಿ ಹಿಡಿಕೆ ತಿರುಗಿಸೋಕೂ ಬರ್ಲಿಲ್ಲ ನಿನಗೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಯಾವ ಕಡೆಗೆ ತಿರುಗಿಸಿದ್ನೋ, ತಿರುಗಿಸಿದ್ನೋ ಇಲ್ವೋ ಅಂತ.” ಆಕೆಯ ಬಲಗೈ ಗಾಳಿಯಲ್ಲಿ ಮೆಲ್ಲಗೆ ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತು ಸುತ್ತಿತು. “ಹಾಗಾದ್ರೆ ನಾನು ತಿರುಗಿಸಿದ್ದೆ.”

“ತಿರುಗಿಸಿದ್ರಿ,” ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಆಕೆ ಅಳಲಿಲ್ಲ. ಎದ್ದು ಬಂದು ಬಾಗಿಲಿನ ಒಂದು ರೆಕ್ಕೆಗೆ ಕೈ ಹಾಕಿದಳು.

“ಈಗ ಹೋಗಿ ನೀವು. ನಮ್ಮನೆಯವರಿಗೆ ಹೇಳಬೇಕು ನಾನು. ಇಷ್ಟು ವರ್ಷ ದಿನಾ ಅವರ ಹತ್ರ ತಪ್ಪಾಯ್ತು ಅಂತ ಕೇಳ್ಕೋತಾ ಇದ್ದೆ.”